ಬಿಡಿ ಕಾರ್ಡ್ ಖರೀದಿ: ಬೂಸ್ಟರ್ ಹೊದಿಕೆ ತಪ್ಪಿತು, ಟೇಪ್ ಗಂಟುಬಿತ್ತು

ಟ್ರೇಡಿಂಗ್ ಕಾರ್ಡ್‌ಗಳನ್ನು ಬಿಡಿಬಿಡಿಯಾಗಿ ಮಾರುವ ಆನ್‌ಲೈನ್ ಮಾರುಕಟ್ಟೆಯೊಂದನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಹೆಸರು ಬೇಡ. ಇಂಥ ತಾಣಗಳ ಜಾಯಮಾನ ಒಂದೇ: ಲೆಕ್ಕವಿಲ್ಲದಷ್ಟು ಮಾರಾಟಗಾರರು, ಎಲ್ಲರ ದಾಸ್ತಾನಿಗೂ ಸೇರಿ ಒಂದೇ ಹುಡುಕಾಟ, ಕಾರ್ಡಿನ ಸ್ಥಿತಿಗೆ ತಕ್ಕ ಬೆಲೆ. ಕಾರ್ಡ್‌ಗಳು ಹೇಳಿದ ಸ್ಥಿತಿಯಲ್ಲೇ ಬರುತ್ತವೆಯೇ, ಬೆಲೆ ನ್ಯಾಯವೇ ಎಂಬುದನ್ನು ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಬರುತ್ತವೆ, ನ್ಯಾಯವೇ. ನಾನು ಬರೆಯಲು ಕುಳಿತದ್ದು ಕಾರ್ಡನ್ನು ಸುತ್ತಿಕೊಂಡು ಬರುವ ಸರಂಜಾಮಿನ ಬಗ್ಗೆ, ಅದರಲ್ಲೂ ಬೆರಳುದ್ದದ ಒಂದು ಟೇಪ್ ತುಂಡಿನ ಬಗ್ಗೆ.

ಒಳಗೆ ಯಾವ ಕಾರ್ಡಿದೆ ಎಂದು ಗೊತ್ತಾಗದಂತೆ ಮುಚ್ಚಿದ ಕಟ್ಟು, ಅಂದರೆ ಬೂಸ್ಟರ್ ಪ್ಯಾಕ್ ಕೊಳ್ಳುವುದನ್ನು ಬಿಟ್ಟದ್ದಕ್ಕೆ ಮೊದಲ ಕಾರಣ ಜೇಬು. ನಾನು ಹೆಚ್ಚಾಗಿ ಆಡುವುದು ಮ್ಯಾಜಿಕ್ ಎಂಬ ಕಾರ್ಡ್ ಆಟದ ಕಮಾಂಡರ್ ಬಗೆ. ಅದರ ಡೆಕ್ಕಿನಲ್ಲಿ, ಅಂದರೆ ಒಬ್ಬರು ಆಡುವ ಕಾರ್ಡ್ ಕಟ್ಟಿನಲ್ಲಿ, 100 ಕಾರ್ಡ್, ಆಟಕ್ಕೆ ಶಕ್ತಿ ಒದಗಿಸುವ ಬೇಸಿಕ್ ಲ್ಯಾಂಡ್‌ಗಳನ್ನು ಬಿಟ್ಟರೆ ಪ್ರತಿಯೊಂದೂ ಒಂದೇ ಪ್ರತಿ. ಬೇಕಾದ ಆ ಒಂದು ಕಾರ್ಡ್ ಯಾವ ಪ್ಯಾಕಿನಲ್ಲಿ ಅಡಗಿದೆ ಎಂದು ಹರಿಯುತ್ತ ಕುಳಿತರೆ ತಿಂಗಳ ಆಟದ ಖರ್ಚು ಒಂದೇ ಸಂಜೆಗೆ ಮುಗಿಯುತ್ತದೆ. ಎರಡನೆಯ ಕಾರಣ ಕಸದ ಬುಟ್ಟಿ. ಮ್ಯಾಜಿಕ್ ಇರಲಿ, ಪೋಕೆಮಾನ್ ಇರಲಿ, ಎಷ್ಟೋ ವರ್ಷ ನಾನು ಕಂಡ ಬೂಸ್ಟರ್ ಬಾಕ್ಸಿನಲ್ಲಿ 36 ಪ್ಯಾಕ್ ಇರುತ್ತಿದ್ದವು. ಅಂದರೆ 36 ಹೊಳೆಯುವ ಹೊದಿಕೆ, ಹೊರಗೊಂದು ರಟ್ಟಿನ ಪೆಟ್ಟಿಗೆ, ಅದರ ಮೇಲೆ ಬಿಗಿದ ಪ್ಲಾಸ್ಟಿಕ್. ಹೊದಿಕೆ ನೋಡಲು ಲೋಹದ ಹಾಳೆಯಂತಿದ್ದರೂ ಅದು ಪ್ಲಾಸ್ಟಿಕ್ ಫಿಲ್ಮ್ ಪದರಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ್ದು. ಪದರ ಬಿಡಿಸಲು ಬಾರದು. ಸಾಮಾನ್ಯವಾಗಿ ಮನೆಯ ಒಣ ಕಸ ಸಂಸ್ಕರಿಸುವವರಿಗೆ ಅದು ಬೇಡದ ವಸ್ತು. ಪೋಕೆಮಾನ್ ಪ್ಯಾಕಿನಲ್ಲಾದರೆ ಡಿಜಿಟಲ್ ಆಟದ ಕೋಡ್ ಹೊತ್ತ ಕಾರ್ಡೊಂದು ಬರುತ್ತದೆ, ಆ ಆಟ ಆಡದವರಿಗೆ ಅದು ನೇರವಾಗಿ ಕಸ. ಪ್ಯಾಕ್‌ಗಳ ಜೊತೆ ಆಟದ ಸಾಮಾನು ತುಂಬಿದ ಎಲೀಟ್ ಟ್ರೇನರ್ ಬಾಕ್ಸ್ ಕೊಂಡವರ ಮನೆಯಲ್ಲಿ ದಾಳ, ವಿಭಾಜಕ, ಗುರುತಿನ ಬಿಲ್ಲೆಗಳ ಮೂರು ನಾಲ್ಕು ಸಂಸಾರಗಳೇ ಇರುತ್ತವೆ.

ನನ್ನ ಲೆಕ್ಕದಲ್ಲಿ ಬೇಡದ ಕಾರ್ಡೂ ಪ್ಯಾಕೇಜಿಂಗೇ. ಒಂದು ಕಾರ್ಡ್ ಬೇಕಿದ್ದವನಿಗೆ ಅದರ ಜೊತೆ ಬರುವ ಹತ್ತು ಹದಿಮೂರು ಕಾರ್ಡ್‌ಗಳು ಸುಂದರವಾಗಿ ಮುದ್ರಿಸಿದ ತುಂಬುವಸ್ತು, ಅಷ್ಟೆ. ಈ ಮಾತಿಗೆ ಸಂಗ್ರಹಕಾರರು ಮುಖ ಸಿಂಡರಿಸಬಹುದು. ಅವರ ಹವ್ಯಾಸ ಬೇರೆ, ನನ್ನದು ಬೇರೆ.

ಹೀಗಾಗಿ ಬಿಡಿ ಕಾರ್ಡ್‌ಗೆ ಬಂದೆ. ಬೇಕಾದದ್ದನ್ನಷ್ಟೇ ತರಿಸಿದರೆ ಕಸ ತಾನಾಗಿ ಇಳಿಯಬೇಕಲ್ಲವೇ? ಬಂದ ಲಕೋಟೆಯ ಒಳಗನ್ನು ಹೊರಗಿನಿಂದ ಒಂದೊಂದಾಗಿ ಹೇಳುತ್ತೇನೆ. ಹೊರಗೆ ಕಾಗದ, ಒಳಗೆ ಗಾಳಿಗುಳ್ಳೆಯ ಪ್ಲಾಸ್ಟಿಕ್ ಅಂಟಿಸಿದ ಕವರ್. ಇವೆರಡನ್ನು ಬೇರ್ಪಡಿಸದೆ ಕಾಗದದ ಕಸಕ್ಕೂ ಹಾಕುವಂತಿಲ್ಲ, ಪ್ಲಾಸ್ಟಿಕ್ಕಿಗೂ ಹಾಕುವಂತಿಲ್ಲ. ಅದರೊಳಗೆ ನಾಲ್ಕಾಗಿ ಮಡಚಿದ ಬಿಲ್. ಆಮೇಲೆ ಎರಡು ರಟ್ಟಿನ ತುಂಡು, ಸುತ್ತಲೂ ಪಾರದರ್ಶಕ ಟೇಪ್. ರಟ್ಟಿನ ನಡುವೆ ಅಂಟುಬಾಯಿಯ ತೆಳು ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಮೇಲಿನಿಂದ ಕಾರ್ಡ್ ತೂರಿಸುವ ಗಟ್ಟಿ ಪ್ಲಾಸ್ಟಿಕ್ಕಿನ ಕವಚ, ಅಂದರೆ ಟಾಪ್‌ಲೋಡರ್, ಅದರ ಬಾಯಿಗೆ ಮತ್ತೆ ಟೇಪ್. ಟಾಪ್‌ಲೋಡರಿನೊಳಗೆ ಕಾರ್ಡಿಗೆ ಅಂಗಿಯಂತೆ ತೊಡಿಸುವ ಮೆದು ಪ್ಲಾಸ್ಟಿಕ್ ಸ್ಲೀವ್. ಸ್ಲೀವಿನೊಳಗೆ, ಕೊನೆಗೂ, 63 ಮಿಲಿಮೀಟರ್ ಅಗಲ 88 ಮಿಲಿಮೀಟರ್ ಉದ್ದದ, ಎರಡು ಗ್ರಾಂ ಕೂಡ ತೂಗದ, ಹೇರಳವಾಗಿ ಸಿಗುವ ಒಂದು ಕಾಮನ್ ಕಾರ್ಡ್. ಮೂಗಿಗಿಂತ ಮೂಗುತಿ ಭಾರ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇದರಲ್ಲಿ ನನಗೆ ಟಾಪ್‌ಲೋಡರ್ ಮೇಲೆ ಸಿಟ್ಟಿಲ್ಲ, ಗೌರವವೇ ಇದೆ. ಅದು ಗಡಸು ಪಿವಿಸಿ. ಬೀಳಿಸಿದರೂ ಬಾಗಿಸಿದರೂ ಜಗ್ಗದು, ಹತ್ತಾರು ಅಂಚೆ ಪ್ರಯಾಣಗಳನ್ನು ತಡೆದುಕೊಳ್ಳುವ ಜೀವ. ಆದರೆ ಪಿವಿಸಿಯನ್ನು ಮನೆಕಸದಿಂದ ಆರಿಸಿ ಕರಗಿಸಿ ಹೊಸದು ಮಾಡುವ ವ್ಯವಸ್ಥೆ ಬಹಳ ಅಪರೂಪ. ಹಾಗಾಗಿ ಟಾಪ್‌ಲೋಡರಿಗೆ ಇರುವ ಒಂದೇ ಸದ್ಗತಿ ಇನ್ನೊಂದು ಕಾರ್ಡ್ ಹೊತ್ತು ಇನ್ನೊಬ್ಬರ ಮನೆಗೆ ಹೋಗುವುದು. ಆ ದಾರಿಯನ್ನು ಮುಚ್ಚುವುದು ಬಾಯಿಗೆ ಬಿಗಿದ ಆ ಟೇಪ್.

ಪೆಟ್ಟಿಗೆ ಮುಚ್ಚುವ ದಪ್ಪ ಪಾರದರ್ಶಕ ಟೇಪ್ ಇದೆಯಲ್ಲ, ಅದನ್ನು ಟಾಪ್‌ಲೋಡರಿನ ಬಾಯಿಗೆ ಅಡ್ಡಲಾಗಿ ಒತ್ತಿ, ಎರಡೂ ಬದಿಗೆ ಮಡಚಿ, ಹೆಬ್ಬೆರಳಿನಿಂದ ಉಜ್ಜಿ ಕಳಿಸುತ್ತಾರೆ. ತುದಿ ಎಲ್ಲಿ ಎಂದು ಉಗುರಿಗೆ ಸಿಗುವುದಿಲ್ಲ. ಬ್ಲೇಡ್ ಹಿಡಿದರೆ ಕಾರ್ಡಿನ ಮೇಲಂಚು ಕೆಲವೇ ಮಿಲಿಮೀಟರ್ ದೂರದಲ್ಲಿದೆ. ಎಳೆದರೆ ಟೇಪ್ ಬರುತ್ತದೆ, ಗೋಂದು ಬರುವುದಿಲ್ಲ. ಉಳಿದ ಗೋಂದಿನ ಪಟ್ಟಿಗೆ ಒಂದೇ ದಿನದಲ್ಲಿ ಧೂಳು, ಬಟ್ಟೆಯ ನೂಲು, ಕೂದಲು ಅಂಟಿ ಕಪ್ಪು ಗೆರೆ ಮೂಡುತ್ತದೆ. ಅದರ ಮೂಲಕ ಇನ್ನೊಂದು ಕಾರ್ಡ್ ತೂರಿಸಿದರೆ ಸ್ಲೀವ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಹಲವು ಪ್ರಯಾಣಗಳಿಗೆ ಸಾಕಾಗುವ ವಸ್ತು ಒಂದೇ ಪ್ರಯಾಣಕ್ಕೆ ಮುಗಿಯಿತು.

ಗೋಂದು ತೆಗೆಯುವ ಕೆಲಸ ನನ್ನ ರಾತ್ರಿಗಳ ಪಾಠವಾಗಿಬಿಟ್ಟಿದೆ. ಮೊದಲು ತೆಗೆದ ಟೇಪಿನ ಅಂಟುಬದಿಯಿಂದಲೇ ಗೋಂದಿನ ಮೇಲೆ ತಟ್ಟಿ ತಟ್ಟಿ ಎತ್ತುವುದು. ಹೊಸ ಗೋಂದಾದರೆ ಅರ್ಧ ಅಲ್ಲೇ ಬರುತ್ತದೆ. ಉಳಿದದ್ದನ್ನು ಹೆಬ್ಬೆರಳಿನಿಂದ ಒಂದೇ ದಿಕ್ಕಿಗೆ ಉರುಳಿಸಿದರೆ ಸಣ್ಣ ಸಣ್ಣ ಉಂಡೆಗಳಾಗಿ ಕಳಚುತ್ತದೆ. ಕೊನೆಗೆ ಪೆನ್ಸಿಲ್ ಅಳಿಸುವ ರಬ್ಬರ್. ದ್ರಾವಕ ಗೀವಕ ಹಾಕಿ ಒರೆಸಿದರೆ ಪ್ಲಾಸ್ಟಿಕ್ ಮಸುಕಾಗುವ ಭಯ, ಅದರ ವಾಸನೆಯೂ ನನಗಾಗದು. ಇಷ್ಟೆಲ್ಲ ಮಾಡಿ ಬೆಳಕಿಗೆ ಹಿಡಿದು ನೋಡಿದಾಗ ಅಂಚು ಸ್ವಚ್ಛವಾಗಿ ಕಂಡರೆ ಒಳ್ಳೆಯ ಆಟ ಗೆದ್ದಷ್ಟೇ ಸಮಾಧಾನ. ಮನೆಯವರು ಇದನ್ನು ಹುಚ್ಚು ಎನ್ನುತ್ತಾರೆ, ನಾನು ವಾದಿಸಲು ಹೋಗುವುದಿಲ್ಲ.

ಸರಿಯಾಗಿ ಕಳಿಸುವವರೂ ಇದ್ದಾರೆ. ಅವರು ಗೋಡೆಗೆ ಬಣ್ಣ ಹೊಡೆಯುವವರು ಬಳಸುವ ಕಾಗದದ ಟೇಪ್ ಹಾಕುತ್ತಾರೆ, ಗುರುತೇ ಬಿಡದಂತೆ ಕಳಚುವ ಜಾತಿಯದು. ಒಂದು ತುದಿಯನ್ನು ಒಳಕ್ಕೆ ಮಡಚಿರುತ್ತಾರೆ, ಅದೇ ಹಿಡಿಕೆ. ಇನ್ನೂ ಕೆಲವರು ಒಳಗಿನ ಮೆದು ಸ್ಲೀವಿಗೆ ಟೇಪಿನ ಪುಟ್ಟ ಬಾಲ ಅಂಟಿಸಿ ಹೊರಗೆ ಇಣುಕುವಂತೆ ಬಿಟ್ಟಿರುತ್ತಾರೆ. ಬಾಲ ಹಿಡಿದರೆ ಕಾರ್ಡ್ ಜಾರಿ ಅಂಗೈಗೆ ಬರುತ್ತದೆ. ಟಾಪ್‌ಲೋಡರನ್ನು ಮೇಜಿಗೆ ಕುಟ್ಟುವ, ಚಿಮುಟದಿಂದ ಎಳೆಯುವ ಗೋಳಿಲ್ಲ. ಈ ತಾಣದಲ್ಲಿ ಮಾರಾಟಗಾರರಿಗೆ ಅಂಕ ಕೊಡುವಾಗ ನಾನು ನೋಡುವುದು ಇದೊಂದನ್ನೇ.

ತಾಣದ ಮೇಲೆ ನನ್ನ ದೊಡ್ಡ ದೂರು ಬೇರೆಯದು. ಪಟ್ಟಿ ಕೊಟ್ಟರೆ ಅತಿ ಕಡಿಮೆ ಮೊತ್ತಕ್ಕೆ ಕೂಡಿಸಿಕೊಡುವ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಒಂದು ಡೆಕ್ಕಿನ ಕಾರ್ಡ್‌ಗಳನ್ನು ಕಂಡಕಂಡ ಮಾರಾಟಗಾರರಿಗೆಲ್ಲ ಹಂಚಿಬಿಡುತ್ತದೆ. ಉಳಿಯುವುದು ಚಿಲ್ಲರೆ, ಬರುವುದು ರಾಶಿ ಲಕೋಟೆ. ಲಕೋಟೆಗಳ ಸಂಖ್ಯೆ ತಗ್ಗಿಸುವ ಆಯ್ಕೆ ಇದೆ, ಆದರೆ ಸೆಟ್ಟಿಂಗ್ಸ್‌ನ ಮೂಲೆಯಲ್ಲಿದೆ, ಪ್ರತಿ ಸಲ ಹುಡುಕಿ ಆರಿಸಬೇಕು. ಅದನ್ನು ಆರಿಸಿದ ಮೇಲೆ ನೂರು ಕಾರ್ಡ್‌ನ ಡೆಕ್ ಬೆರಳೆಣಿಕೆಯ ಮಾರಾಟಗಾರರಿಂದ ಬರುತ್ತದೆ. ಕಾರ್ಡ್‌ಗಳು ಒಟ್ಟಿಗೆ ಬಂದಾಗ ಹೊದಿಕೆಯ ಲೆಕ್ಕವೇ ಬದಲಾಗುತ್ತದೆ: ಇಪ್ಪತ್ತು ಮೂವತ್ತು ಕಾರ್ಡ್ ಒಟ್ಟಾಗಿ ಜೋಡಿಸಿದರೆ ಅವೇ ಒಂದಕ್ಕೊಂದು ಬೆನ್ನು ಕೊಟ್ಟು ಗಟ್ಟಿಯಾಗುತ್ತವೆ, ಟಾಪ್‌ಲೋಡರ್ ಬೇಕಾಗುವುದು ದುಬಾರಿಯ ಒಂದೆರಡಕ್ಕೆ ಮಾತ್ರ.

ಆದ್ದರಿಂದ ನಾನೀಗ ಒಂದೊಂದೇ ಕಾರ್ಡ್ ತರಿಸುವುದಿಲ್ಲ. ಬೇಕೆನಿಸಿದ ಕಾರ್ಡಿನ ಹೆಸರು, ಅದನ್ನು ಆಡಲು ಆಟದಲ್ಲಿ ತೆರಬೇಕಾದ ಬೆಲೆ, ಕೆಲಸ ಇಷ್ಟನ್ನು ಕಾಗದದ ಚೀಟಿಯಲ್ಲಿ ಬರೆದು, ಸ್ಲೀವಿನಲ್ಲಿ ಒಂದು ಲ್ಯಾಂಡ್ ಕಾರ್ಡಿನ ಮುಂದೆ ತೂರಿಸಿ ಗೆಳೆಯರ ಜೊತೆ ಆಡುತ್ತೇನೆ. ಅಧಿಕೃತ ಪಂದ್ಯಗಳಲ್ಲಿ ಇದು ನಡೆಯದು, ಮನೆಯಾಟಕ್ಕೆ ಯಾರ ಅಡ್ಡಿಯೂ ಇಲ್ಲ. ಕೆಲವು ಆಟಗಳಲ್ಲಿ ಕಾರ್ಡಿನ ಬಂಡವಾಳ ಬಯಲಾಗುತ್ತದೆ. ಅರ್ಧಕ್ಕರ್ಧ ಚೀಟಿಗಳು ಹರಿದು ಹೋಗುತ್ತವೆ, ಅವಕ್ಕೆ ಲಕೋಟೆ ಬರುವ ಪ್ರಶ್ನೆಯೇ ಇಲ್ಲ. ಉಳಿದವು ಪಟ್ಟಿ ಸೇರುತ್ತವೆ, ಪಟ್ಟಿ ತುಂಬಿದಾಗ ಒಂದು ಆರ್ಡರ್.

ಆರ್ಡರ್ ಮಾಡುವಾಗ ಮಾರಾಟಗಾರರಿಗೆ ಎರಡು ಸಾಲು ಬರೆಯಲು ಜಾಗವಿದೆ. 'ಹೊಸ ಪ್ಲಾಸ್ಟಿಕ್ ಬೇಡ, ಹಳೆಯ ಟಾಪ್‌ಲೋಡರ್ ಅಥವಾ ರಟ್ಟು ಸಾಕು, ಬಾಯಿಗೆ ಕಾಗದದ ಟೇಪ್ ಹಾಕಿ' ಎಂದು ಬರೆಯತೊಡಗಿದೆ. ಯಾರು ಓದುತ್ತಾರೆ ಎಂದುಕೊಂಡಿದ್ದೆ. ಕೆಲವರು ಓದಿದರು. ಒಬ್ಬರಿಂದ ಬಂದ ಲಕೋಟೆಯನ್ನು ನಾನು ಇನ್ನೂ ಎತ್ತಿಟ್ಟಿದ್ದೇನೆ. ಸಾದಾ ಕಾಗದದ ಕವರ್, ಒಳಗೆ ಖಾಲಿ ಬೂಸ್ಟರ್ ಬಾಕ್ಸಿನಿಂದ ಕತ್ತರಿಸಿದ ಎರಡು ಚೌಕ. ಒಂದರ ಮೇಲೆ ಡ್ರ್ಯಾಗನ್ನಿನ ಅರ್ಧ ರೆಕ್ಕೆ, ಇನ್ನೊಂದರ ಮೇಲೆ ಅದರ ಬಾಲ. ಆ ಚೌಕಗಳಿಗೆ ಒತ್ತಾಸೆಯಾಗಿ ಒಳಗೆ ಅಲೆಗಳಿರುವ ದಪ್ಪ ರಟ್ಟು, ಮುಂದಿನದರ ಅಲೆ ಉದ್ದಕ್ಕೆ, ಹಿಂದಿನದರದ್ದು ಅಡ್ಡಕ್ಕೆ. ಅಲೆಗಳು ಹೀಗೆ ಒಂದಕ್ಕೊಂದು ಅಡ್ಡವಿದ್ದರೆ ಯಾವ ದಿಕ್ಕಿಗೂ ಸುಲಭವಾಗಿ ಬಾಗುವುದಿಲ್ಲ. ತೇವ ತಾಗದಿರಲೆಂದು ಹಲವು ಕೈ ದಾಟಿ ಬಂದ ಅಂಟುಬಾಯಿಯ ಚೀಲ. ಕಾರ್ಡ್ ಹೊಳಪಿನ ಪದರದ ಫಾಯಿಲ್ ಆಗಿತ್ತು, ಹವೆಯ ತೇವಕ್ಕೆ ಬಿಲ್ಲಿನಂತೆ ಬಾಗುವ ಜಾತಿ, ಚಪ್ಪಟೆಯಾಗಿಯೇ ಬಂದಿತ್ತು. ಕಂಪ್ಯೂಟರಿನಲ್ಲಿ ಅಚ್ಚಾದ ವಂದನೆಯ ಬದಲು ರಟ್ಟಿನ ಒಳಮೈಯಲ್ಲಿ ಪೆನ್ನಿನಲ್ಲಿ ಒಂದು ಗೆರೆ: 'ಇದನ್ನೂ ಮುಂದೆ ಕಳಿಸಿ'. ಅಷ್ಟು ದಿನ ಈ ತಾಣದ ಮೇಲಿದ್ದ ನನ್ನ ಸಿಡುಕು ಅಲ್ಲಿಂದ ಸ್ವಲ್ಪ ತಣ್ಣಗಾಯಿತು.

ಈಗ ಮೇಜಿನ ಒಂದು ಖಾನೆ ಪೂರ್ತಿ ಇದಕ್ಕೇ ಮೀಸಲು. ಸ್ವಚ್ಛವಾದ ಟಾಪ್‌ಲೋಡರ್ ಒಂದು ಕಡೆ, ಗೋಂದು ತೆಗೆಯಬೇಕಾದವು ಇನ್ನೊಂದು ಕಡೆ, ರಟ್ಟು, ಅಂಟು ಸತ್ತಿರದ ಚೀಲಗಳು. ನಮ್ಮ ಆಟದ ಬಳಗದಲ್ಲಿ ಕಾರ್ಡ್ ಮಾರುವವರು ಬಂದಾಗ ಕೈತುಂಬ ಒಯ್ಯುತ್ತಾರೆ. ಹೊಸದು ಕೊಳ್ಳುವ ಖರ್ಚು ಅವರಿಗೂ ಉಳಿಯುತ್ತದೆ. ಡೆಕ್ಕಿನ ಸ್ಲೀವ್‌ಗಳ ಮಾತು ಬೇರೆ, ಅವು ಪಾಲಿಪ್ರೊಪಿಲೀನ್. ಬೆನ್ನು ಸವೆದು ಮೂಲೆ ಸೀಳಿದರೆ ಪಂದ್ಯಕ್ಕೆ ಬಾರವು, ಆದರೂ ಆಟದ ನಡುವೆ ಗುರುತಿಗೆ ಇಡುವ ಟೋಕನ್ ಕಾರ್ಡ್‌ಗಳಿಗೆ, ಹೇಳಿದೆನಲ್ಲ ಆ ಚೀಟಿಗಳಿಗೆ, ಧಾರಾಳ ಸಾಕು. ಒಂದು ಎಚ್ಚರಿಕೆ ಮಾತ್ರ: ಹಳೆಯ ಮೆದು ಪಿವಿಸಿ ಹಾಳೆಗಳಿದ್ದರೆ ಮರುಬಳಕೆಯ ಉತ್ಸಾಹದಲ್ಲಿ ಕಾರ್ಡ್ ಇಡಬೇಡಿ, ಅದನ್ನು ಮೆದುವಾಗಿಸಿದ ರಾಸಾಯನಿಕ ಜಿನುಗಿ ಕಾರ್ಡಿಗೆ ಹತ್ತುತ್ತದೆ. ಗಡಸು ಟಾಪ್‌ಲೋಡರಿಗೂ ಸ್ಲೀವ್ ಹಾಕದೆ ಬರಿ ಕಾರ್ಡ್ ತೂರಿಸಬಾರದು, ಗೀರು ಬೀಳುತ್ತದೆ.

ಪ್ಯಾಕ್ ಹರಿಯುವ ಸುಖ ತಪ್ಪಿತಲ್ಲ ಎನ್ನುವವರಿಗೆ ಕ್ಯೂಬ್ ಇದೆ, ಅಂದರೆ ನಾವೇ ಆರಿಸಿ ಕೂಡಿಟ್ಟು ಮತ್ತೆ ಮತ್ತೆ ಆಡುವ ಕಾರ್ಡ್ ರಾಶಿ. ಎಂಟು ಜನ, ತಲಾ 15 ಕಾರ್ಡ್‌ಗಳ ಮೂರು ಪ್ಯಾಕ್, ಒಟ್ಟು 360 ಕಾರ್ಡ್. ಆಡಿ ಮುಗಿದ ಮೇಲೆ ಕಲೆಸಿ ಮತ್ತೆ ಹದಿನೈದರ ಕಟ್ಟು ಮಾಡಿದರೆ ಮುಂದಿನ ವಾರಕ್ಕೆ ಹೊಸ ಡ್ರಾಫ್ಟ್, ಅಂದರೆ ಪ್ಯಾಕಿನಿಂದ ಒಂದೊಂದೇ ಕಾರ್ಡ್ ಆರಿಸಿ ಉಳಿದದ್ದನ್ನು ಪಕ್ಕದವರಿಗೆ ದಾಟಿಸುವ ಆಟ. ಕಟ್ಟಿಗೆ ರಬ್ಬರ್ ಬ್ಯಾಂಡ್ ಬೇಡ, ಅಂಚು ತಗ್ಗಾಗುತ್ತದೆ. ಹಳೆಯ ಖರೀದಿ ಬಿಲ್‌ಗಳನ್ನು ಸೀಳಿ ಮಾಡಿದ ಕಾಗದದ ಪಟ್ಟಿ ಸಾಕು. ನನ್ನ ಕ್ಯೂಬಿನ ಬಹುಪಾಲು ಇದೇ ತಾಣದಿಂದ ಕೊಂಡ ಅಗ್ಗದ ಕಾಮನ್‌ಗಳು. ಆ ಆರ್ಡರ್ ಒಂದೇ ಪೆಟ್ಟಿಗೆಯಲ್ಲಿ ಬಂತು, ನಾನು ಈ ತಾಣದಲ್ಲಿ ಕೊಟ್ಟ ಹಣಕ್ಕೆ ಅತ್ಯಂತ ಕಡಿಮೆ ಕಸ ಹುಟ್ಟಿದ್ದು ಅದರಲ್ಲೇ.

ತಯಾರಕರ ಕಡೆಯಿಂದ ಏನಾಗುತ್ತಿದೆ ಎಂದರೆ, ಮ್ಯಾಜಿಕ್ ತಯಾರಿಸುವ ವಿಝಾರ್ಡ್ಸ್ ಆಫ್ ದಿ ಕೋಸ್ಟ್‌ನ ಒಡೆಯ ಹ್ಯಾಸ್ಬ್ರೊ 2019ರಲ್ಲಿ, 2022ರ ಕೊನೆಯೊಳಗೆ ಹೊಸ ಉತ್ಪನ್ನಗಳ ಪ್ಯಾಕೇಜಿಂಗಿನಿಂದ ಹೆಚ್ಚೂಕಡಿಮೆ ಎಲ್ಲ ಪ್ಲಾಸ್ಟಿಕ್ ತೆಗೆಯುವ ಗುರಿ ಪ್ರಕಟಿಸಿತ್ತು. ಬೂಸ್ಟರಿನ ಹೊದಿಕೆ ಆ ಗಡುವಿನ ನಂತರವೂ ಪ್ಲಾಸ್ಟಿಕ್ ಫಿಲ್ಮ್ ಆಗಿಯೇ ಇದೆ. ವಿನಿಮಯದ ಚಟವಿಲ್ಲದವರು ಅದೃಷ್ಟದಾಟವೇ ಇಲ್ಲದ ಕಾರ್ಡ್ ಆಟಗಳತ್ತ ನೋಡಬಹುದು. 2016ರ ಅರ್ಕಮ್ ಹಾರರ್ ಮೊದಲು ಸಣ್ಣ ಸಣ್ಣ ಪ್ಯಾಕ್‌ಗಳಾಗಿ ಬಿಡುಗಡೆಯಾಗುತ್ತಿತ್ತು. 2021ರಿಂದ ಇಡೀ ಕಥಾಸರಣಿಯನ್ನು ಎರಡು ದೊಡ್ಡ ಪೆಟ್ಟಿಗೆಗಳಲ್ಲಿ ಕೊಡತೊಡಗಿದರು. ಒಳಗೇನಿದೆ ಎಂದು ಗೊತ್ತಿರುವುದರಿಂದ ಬೇಡದ್ದನ್ನು ಕೊಳ್ಳುವ ಮಾತೇ ಇಲ್ಲ.

ಕಾಗದದ ಟೇಪ್ ಮತ್ತು ಹಳೆಯ ಟಾಪ್‌ಲೋಡರ್ ಸಾಕು ಎಂದು ಗುರುತು ಹಾಕಲು ಆರ್ಡರ್ ಪುಟದಲ್ಲೇ ಒಂದು ಚೌಕ ಕೊಡಿ ಎಂದು ತಾಣದ ಸಹಾಯ ವಿಭಾಗಕ್ಕೆ ಬರೆದಿದ್ದೆ. 'ನಿಮ್ಮ ಸಲಹೆ ನಮಗೆ ಅಮೂಲ್ಯ' ಎಂಬ ಸಿದ್ಧ ಉತ್ತರ ಬಂತು, ಚೌಕ ಬರಲಿಲ್ಲ. ಮೊನ್ನೆ ಅದೇ ತಾಣದಿಂದ ಬಂದ ಅಂಚೆಯಲ್ಲಿ ಕಾರ್ಡಿನ ಜೊತೆ ಮುಂದಿನ ಖರೀದಿಗೆ ರಿಯಾಯಿತಿಯ ಪ್ಲಾಸ್ಟಿಕ್ ಲೇಪದ ಕಾರ್ಡೊಂದಿತ್ತು, ಅದಕ್ಕೂ ಒಂದು ಸ್ಲೀವ್.

ಒಂದು ಡೆಕ್ಕನ್ನು ಯೋಚಿಸಿ ಕಟ್ಟುವವರಿಗೆ, ತಿಂಗಳುಗಟ್ಟಲೆ ಪಟ್ಟಿ ಬೆಳೆಸಿ ಒಮ್ಮೆಗೇ ತರಿಸುವ ತಾಳ್ಮೆಯಿರುವವರಿಗೆ ಈ ಸೇವೆಯನ್ನು ಧೈರ್ಯವಾಗಿ ಹೇಳುತ್ತೇನೆ. ಮನಸ್ಸಾದಾಗಲೆಲ್ಲ ಒಂದೊಂದು ಕಾರ್ಡ್ ಒತ್ತುವ ಅಭ್ಯಾಸದವರಾದರೆ ಬೂಸ್ಟರಿನ ಹೊದಿಕೆಗಿಂತ ಹೆಚ್ಚು ಪ್ಲಾಸ್ಟಿಕ್ ಮನೆಗೆ ತಂದುಕೊಳ್ಳುತ್ತೀರಿ. ಐದರಲ್ಲಿ ಮೂರೂವರೆ. ಕಳೆದ ಅರ್ಧ ಅಂಕ ಗುಂಡಿಗೆ, ಪೂರ್ತಿ ಒಂದು ಅಂಕ ಟೇಪಿಗೆ.