ಹ್ಯಾವ್-ಹ್ಯಾಡ್ ಬಗಿಹರೀತು, ಬೆನ್ನು ಮಾತ್ರ ಹಿಡೀತು: ಸಪ್ತಾಪುರದ ಒಂದು ಇಂಗ್ಲಿಷ್ ಗ್ರಾಮರ್ ಕ್ಲಾಸಿನ ಕಥಿ

ಹೆಸರು ಹೇಳೂದಿಲ್ರಿ. ಧಾರವಾಡದ ಸಪ್ತಾಪುರ ಕಡೆ ಹೋದ್ರ ಗಲ್ಲಿಗೊಂದು ಕೋಚಿಂಗ್ ಬೋರ್ಡ್ ಅದಾವ, ಅದರಾಗ ಇದೂ ಒಂದು.

ನಾನು ಹುಬ್ಬಳ್ಳ್ಯಾಗ ಟ್ರಾನ್ಸ್‌ಪೋರ್ಟ್ ಆಫೀಸಿನಾಗ ಬಿಲ್ಲಿಂಗ್ ನೋಡ್ತೀನಿ, ದಿನಾ ಪುಣೆ ಆಫೀಸಿಗೆ ಮೇಲ್ ಬರೀಬೇಕು. ಒಂದಿನ "ಐ ಹ್ಯಾಡ್ ಸೆಂಟ್ ದ ಬಿಲ್ ಯೆಸ್ಟರ್‌ಡೇ" ಅಂತ ಬರದ್ನಿ, ಅಲ್ಲಿ ಮ್ಯಾನೇಜರ್ ಫೋನ್ ಹಚ್ಚಿ "ಕಳಿಸಿದ್ರಿ, ಆಮ್ಯಾಲ ಏನಾತು, ಕ್ಯಾನ್ಸಲ್ ಮಾಡಿದ್ರೇನು?" ಅಂತ ಕೇಳಿದ್ರು. ನನಗ ತಲಿಬುಡ ತಿಳೀಲಿಲ್ಲ, ಬಿಲ್ ಕಳಿಸೀನಿ ಅಂದ್ರ ಮುಗೀತಲ್ಲ, ಇನ್ನೇನು ಆಗಬೇಕು? ಅವತ್ತ ಕ್ಲಾಸ್ ಸೇರೂದು ಅಂತ ಪಕ್ಕಾ ಮಾಡಿದ್ನಿ. 30 ದಿನದ ಬ್ಯಾಚು, 3,000 ರೂಪಾಯಿ, ಆಫೀಸ್ ಬಿಟ್ಟ ಮ್ಯಾಲ ಚಿಗರಿ ಬಸ್ ಹಿಡದು ಓಡೂದು.

ಮೊದಲನೇ ವಾರ ನೌನ್, ಪ್ರೊನೌನ್ ಅಂತ ಬರೇ ಟೈಂಪಾಸ್. ಎರಡನೇ ವಾರ ಮಾಸ್ತರು ಬೋರ್ಡ್ ಮ್ಯಾಲ ಕನ್ನಡದಾಗ ಎರಡು ವಾಕ್ಯ ಬರದ್ರು ನೋಡ್ರಿ, "ತಮ್ಮ ಗದಗಕ್ಕ ಹೋಗ್ಯಾನ", "ತಮ್ಮ ಗದಗಕ್ಕ ಹೋಗಿ ಬಂದಾನ". ಈಗ ತಮ್ಮ ಎಲ್ಲಿ ಅದಾನ ಹೇಳ್ರಿ ಅಂದ್ರು. ಮೊದಲನೇದರಾಗ ಅವ ಇನ್ನೂ ಗದಗ ಕಡೇನ ಅದಾನ, ಅದು ಹ್ಯಾಸ್ ಗಾನ್. ಎರಡನೇದರಾಗ ಮನಿಗೆ ಬಂದು ಚಾ ಕುಡ್ಯಾಕತ್ತಾನ, ಅದು ಹ್ಯಾಸ್ ಬೀನ್. ಎರಡೂ ಪ್ರೆಸೆಂಟ್ ಪರ್ಫೆಕ್ಟ್, ಆಗಿದ್ದು ಹಿಂದ ಆದ್ರೂ ಲೆಕ್ಕ ಇವತ್ತಿಂದು. ಹತ್ತು ವರ್ಷ ಸಾಲಿ ಕಲತ್ರೂ ಹಿಂಗ ಯಾರೂ ಹೇಳಿರಲಿಲ್ಲ.

ನಾವು ಎಡವೂದು ಎಲ್ಲಿ ಅಂತನೂ ಹಿಡದು ತೋರ್ಸಿದ್ರು. ನಮ್ಮ ಮಾತಿನಾಗ "ನಿನ್ನೇನ ಅರ್ಜಿ ಹಾಕೀನಿ" ಅಂದ್ರೂ ನಡೀತೈತಿ, "ನಿನ್ನಿ ಹಾಕಿದ್ನಿ" ಅಂದ್ರೂ ನಡೀತೈತಿ, ಅದನ್ನ ಹಂಗ ಎತ್ತಿ ಇಂಗ್ಲಿಷಿಗೆ ಇಟ್ಟು "ಹ್ಯಾವ್ ಅಪ್ಲೈಡ್ ಯೆಸ್ಟರ್‌ಡೇ", "ಹ್ಯಾಡ್ ಅಪ್ಲೈಡ್ ಯೆಸ್ಟರ್‌ಡೇ" ಅಂತೀವಿ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಇನ್ 2019 ಅಂತ ಮುಗದ ಟೈಮ್ ಹೇಳಿದ್ರ ಹ್ಯಾವ್ ಬರೂದಿಲ್ಲ, ಸೀದಾ ಅಪ್ಲೈಡ್. ಹ್ಯಾಡ್ ಬೇಕಂದ್ರ ಹಿಂದ ನಡದ ಇನ್ನೊಂದು ಸಂಗತಿ ಇರಬೇಕು, ಇದು ಅದಕ್ಕಿಂತ ಮೊದಲ ಆಗಿರಬೇಕು. ಪುಣೆದವ್ರು ಆ ಇನ್ನೊಂದು ಸಂಗತಿಗೇ ಕಾಯ್ತಿದ್ರಲ್ಲ ಅಂತ ಅವಾಗ ಹೊಳೀತು.

ಬಸ್ಸಿನ ಉದಾಹರಣಿ ಅಂತೂ ಮರಿಯಂಗಿಲ್ಲ. "ವೆನ್ ಐ ರೀಚ್ಡ್ ಜುಬಿಲಿ ಸರ್ಕಲ್, ದ ಬಸ್ ಹ್ಯಾಡ್ ಲೆಫ್ಟ್" ಅಂದ್ರ ನಾ ಬರೂದ್ರಾಗ ಬಸ್ ಹೋಗಿಬಿಟ್ಟಿತ್ತು, ಹಿಂದಿನ ಲೈಟೂ ಕಾಣಲಿಲ್ಲ. ಹ್ಯಾಡ್ ತಗದು ಬರೇ "ಲೆಫ್ಟ್" ಅಂದ್ರ ನಾ ಬರೂದಕ್ಕೂ ಅದು ಬಿಡೂದಕ್ಕೂ ಸರಿಹೋತು. ಎರಡೂ ನನಗ ಆಗ್ಯಾವ, ಎರಡನೇದಕ್ಕ ಸಿಟ್ಟು ಜಾಸ್ತಿ ಬರ್ತೈತಿ.

ಇನ್ನ ತಕರಾರು. ಒಂದ ಖೋಲ್ಯಾಗ 70 ಮಂದಿ, ಬೆನ್ನಿಗೆ ಆಸರ ಇಲ್ಲದ ಬೆಂಚು, ಎರಡು ತಾಸು ಕುಂತ್ರ ಸೊಂಟ ಹಿಡೀತೈತಿ. ಜೆರಾಕ್ಸ್ ನೋಟ್ಸಿಗೆ ಬ್ಯಾರೆ 150 ರೂಪಾಯಿ ಇಸ್ಗೊಂಡ್ರು, ಅದರಾಗ "ಐ ಹ್ಯಾವ್ ರೋಟ್" ಅಂತ ಪ್ರಿಂಟ್ ಆಗೈತಿ, ರಿಟನ್ ಇರಬೇಕಿತ್ತು. ಟೆನ್ಸ್ ಕಲಸೋ ನೋಟ್ಸಿನಾಗ! ತೋರ್ಸಿದ್ರ "ಪೆನ್ನಿಲೆ ತಿದ್ಕೊಳ್ರಿ" ಅಂದ್ರು.

ಟೆಸ್ಟಿನಾಗ ನಾನು "ಆಫ್ಟರ್ ಹಿ ಪೇಯ್ಡ್ ದ ಬಿಲ್, ಹಿ ಲೆಫ್ಟ್" ಅಂತ ಬರದಿದ್ದಕ್ಕ ಮಾರ್ಕ್ಸ್ ಕಟ್, ಹ್ಯಾಡ್ ಪೇಯ್ಡ್ ಬೇಕ ಬೇಕಂತ. ಆಫ್ಟರ್ ಅಂದ ಮ್ಯಾಲ ಯಾವುದು ಮೊದಲ ಅಂತ ಗೊತ್ತಾತಲ್ರಿ, ಅಲ್ಲಿ ಹ್ಯಾಡ್ ಹಾಕಿದ್ರೂ ಸರಿ, ಬಿಟ್ರೂ ಸರಿ. ಒಬ್ಬಾಕಿ "ಐ ಆಲ್ರೆಡಿ ಏಟ್" ಅಂದಿದ್ದಕ್ಕೂ ಬೈದ್ರು, ಹ್ಯಾವ್ ಈಟನ್ ಅನಬೇಕಂತ, ಆದ್ರ ಅಮೆರಿಕಾದವ್ರು ದಿನಾ ಹಂಗ ಮಾತಾಡ್ತಾರ. ಎಕ್ಸಾಮ್ ಬರಿಯೋರು ಮಾಸ್ತರು ಹೇಳಿದಂಗ ಬರೀರಿ ಪಾ, ಸುಮ್ಮನ ವಾದ ಬ್ಯಾಡ.

5ಕ್ಕ ಮೂರೂವರಿ ಕೊಡ್ತೀನಿ, ಅರ್ಧ ಕಟ್ ಆಗಿದ್ದು ಬೆಂಚಿಗೆ, ಉಳದದ್ದು ನೋಟ್ಸಿಗೆ ಮತ್ತ ಮೊದಲನೇ ವಾರಕ್ಕ. ಈಗ ಮೇಲ್‌ನಾಗ "ಐ ಹ್ಯಾವ್ ಸೆಂಟ್ ದ ಬಿಲ್" ಅಂತ ಬರದು ಬಿಡ್ತೀನಿ, ನಿನ್ನಿ-ಮೊನ್ನಿ ಅಂತ ಹಾಕೂದಿಲ್ಲ, ಫೋನ್ ಬರೂದು ನಿಂತೈತಿ. ಸೇರೋರು ಸಂಜಿ ಬ್ಯಾಚಿನಾಗ ಗ್ವಾಡಿ ಕಡೆ ಜಾಗಾ ಹಿಡೀರಿ, ಆನಿಕೊಂಡು ಕುಂದರಾಕ ಬರ್ತೈತಿ.