ಗುಡ್ಡಕ್ಕೆ ಹೋಗಿ, ಸೀತನಿ ಮನೆಯಲ್ಲೇ ಬಿಡಿ

ಸೀತನಿ, ಅಂದರೆ ಹಸಿ ಜೋಳದ ತೆನೆ ಸುಟ್ಟು ತಿನ್ನುವ ದಿನಗಳು ಬಂದವು, ಅದಕ್ಕೇ ಈಗ ಬರೆಯುತ್ತಿದ್ದೇನೆ. ಪುಣೆ, ಪಿಂಪ್ರಿ-ಚಿಂಚವಾಡ ಕಡೆ ಇರುವ ನಮ್ಮವರು ಯಾರಾದರೂ ಹಳೇ ಗೆಳೆಯರನ್ನು ಕಟ್ಟಿಕೊಂಡು ಲೋಹಗಡ, ವಿಸಾಪುರ ಕೋಟೆ ಅಂತ ಹೊರಟಿದ್ದರೆ ಖಂಡಿತ ಹೋಗಿ. ಹಸಿ ಜೋಳದ ತೆನೆ ಮತ್ತು ಬೆಂಕಿಪೆಟ್ಟಿಗೆ ಮಾತ್ರ ಒಯ್ಯಬೇಡಿ. ಕಳೆದ ಸಲ ನಾವು ಐದು ಜನ ಒಯ್ದಿದ್ದೆವು. ಸಂಜೆಯೊಳಗೆ ನಾಲ್ಕು ಜನ ಆಸ್ಪತ್ರೆಯಲ್ಲಿದ್ದೆವು. ಐದನೆಯವನು ಜಾಣ ಅಂತಲ್ಲ, ಆ ಹೊತ್ತಿಗೆ ಅವನು ಮೂತ್ರಕ್ಕೆ ಹೋಗಿದ್ದ.

ನಾವೆಲ್ಲ ಧಾರವಾಡದ ಹಾಸ್ಟೆಲ್ ಗೆಳೆಯರು. ಈಗ ಎಲ್ಲರಿಗೂ ಐವತ್ತು ದಾಟಿದೆ. ಹೆಸರು ಬೇಡ, ಹಾಸ್ಟೆಲಿನ ಹೆಸರುಗಳೇ ಸಾಕು: ಮಾಮಾ, ಮಾಸ್ತರ, ಲಂಬೂ, ಸಾವ್ಕಾರ. 2025ರಲ್ಲಿ ಮರಾಠರ ಕಾಲದ 12 ಕೋಟೆಗಳು ಯುನೆಸ್ಕೋ ಪಟ್ಟಿ ಸೇರಿದವಲ್ಲ, ಅದರಲ್ಲಿ ಲೋಹಗಡವೂ ಒಂದು. 'ಇಷ್ಟು ಹತ್ರ ಇದ್ದು ನೋಡಿಲ್ಲಂದ್ರ ನಾಚಿಗಿಲ್ಲೇನ್ರಲೇ' ಅಂತ ಮಾಮಾ ಶುರು ಮಾಡಿದ. ಎಳ್ಳ ಅಮಾವಾಸ್ಯೆ ಆದ ಮೇಲಿನ ಭಾನುವಾರ ನಿಕ್ಕಿಯಾಯಿತು. ಸಾವ್ಕಾರ ಇಂಡಿ ಹತ್ತಿರದ ತನ್ನ ಹೊಲದಿಂದ ಹಿಂದಿನ ರಾತ್ರಿಯೇ ಬಂದ. ಹೆಗಲ ಮೇಲೆ ಒದ್ದೆ ಗೋಣಿಚೀಲ. ಬಿಚ್ಚಿ ನೋಡಿದರೆ ಹಾಲುಗಾಳಿನ ಜೋಳದ ತೆನೆ, ಜೊತೆಗೆ ಒಂದು ಡಬ್ಬಿ ಶೇಂಗಾ ಹಿಂಡಿ (ಚಟ್ನಿಪುಡಿ), ಬೆಲ್ಲ.

ಇಲ್ಲಿಯವರು ಅದನ್ನೇ ಹುರ್ಡಾ ಅನ್ನುತ್ತಾರೆ. ಚಳಿಗಾಲದಲ್ಲಿ ಹೊಲಕ್ಕೆ ಕರೆದು, ದುಡ್ಡು ತಗೊಂಡು ತಿನ್ನಿಸುವ ಹುರ್ಡಾ ಪಾರ್ಟಿಗಳೂ ಇವೆ. ಸಾವ್ಕಾರನಿಗೆ ಅದನ್ನು ಕೇಳಿದರೇ ಸಿಟ್ಟು. 'ಸೀತನಿಗೆ ರೊಕ್ಕಾ ಕೊಡೋದಾ?' ಅಂದ.

ಬೆಳಗಿನ ಲೋಕಲ್ ಹಿಡಿದು ಮಳವಲಿಯಲ್ಲಿ ಇಳಿದೆವು. ಎಕ್ಸ್‌ಪ್ರೆಸ್‌ವೇ ದಾಟಿ, ಭಾಜೆ ಗುಹೆಗಳನ್ನು ಕೆಳಗಿನಿಂದಲೇ ನೋಡಿ ಕೈ ಮುಗಿದು, ಏರು ಹತ್ತಿದೆವು. ಎರಡು ಕೋಟೆಗಳ ನಡುವೆ ಒಂದು ಕಣಿವೆ ಇದೆ, ಗಾಯಮುಖ ಖಿಂಡ ಅಂತಾರೆ. ಬಲಕ್ಕೆ ಹೋದರೆ ಲೋಹಗಡ, ಎಡಕ್ಕೆ ವಿಸಾಪುರ. ಲೋಹಗಡ ಚೆನ್ನಾಗಿಯೇ ಆಯಿತು. ಮೆಟ್ಟಿಲಿವೆ, ಒಂದಾದ ಮೇಲೊಂದು ಬಾಗಿಲು ಬರುತ್ತವೆ, ತುದಿಯಲ್ಲಿ ಚೇಳಿನ ಬಾಲದಂತೆ ಚಾಚಿದ ವಿಂಚೂಕಾಟಾ, ಕೆಳಗೆ ಪವನಾ ಕೆರೆ. ಫೋಟೋ ಹೊಡೆದುಕೊಂಡು ಇಳಿದಾಗ ಹನ್ನೆರಡು ದಾಟಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು.

ತಪ್ಪು ಆಮೇಲೆ ಆದದ್ದು. ಕೋಟೆಯ ಮೇಲೆ ಬೆಂಕಿ ಹಚ್ಚುವ ಹಾಗಿಲ್ಲ ಅಂತ ಮಾಸ್ತರನಿಗೆ ಗೊತ್ತಿತ್ತು. ಅದಕ್ಕೆ ಕೆಳಗೆ, ವಿಸಾಪುರದ ಕಡೆ ಸ್ವಲ್ಪ ದೂರ ನಡೆದು, ನೆಟ್ಟಗೆ ನಿಂತ ಬಂಡೆಯ ಬುಡದಲ್ಲಿ ನೆರಳು ಹುಡುಕಿದೆವು. ಕಾನೂನು ಮುರಿಯಲಿಲ್ಲ ಅಂತ ನಮಗೆ ನಾವೇ ಶಭಾಷ್ ಹೇಳಿಕೊಂಡೆವು. ಸುತ್ತ ಒಣ ಹುಲ್ಲಿತ್ತು, ಅದೂ ಕಾಣಲಿಲ್ಲ. ಕಲ್ಲು ಸುತ್ತ ಇಟ್ಟು, ಪುರಳೆ ಆರಿಸಿ ತಂದು, ಬೆಂಕಿ ಹಚ್ಚಿದೆವು. ಕುಳ್ಳು (ಬೆರಣಿ) ಇರಲಿಲ್ಲ. ಹಸಿ ಪುರಳೆಯೂ ಸೇರಿತ್ತೇನೋ, ಉರಿಗಿಂತ ಹೊಗೆ ಜಾಸ್ತಿ.

ಬಂಡೆಯ ಮೇಲ್ಭಾಗದಲ್ಲಿ ಕಪ್ಪು ಪಟ್ಟೆಗಳಿದ್ದವು. ನಾನು ನೋಡಿದ್ದೆ. ಮಳೆಗಾಲದ ನೀರಿನ ಕಲೆ ಅಂದುಕೊಂಡೆ. ಲಂಬೂ ಮಾತ್ರ ಕಣ್ಣು ಕಿರಿದು ಮಾಡಿ, 'ಲೇ, ಹೆಜ್ಜೇನು ಕಂಡಂಗ ಕಾಣತದಲೇ' ಅಂದ. ಅದಕ್ಕೆ ಸಾವ್ಕಾರ, 'ಇದ್ರ ಇರ್ಲಿ ಬಿಡು, ಹೊಗಿಗೆ ಹುಳಾ ಓಡಿ ಹೋಗ್ತಾವ' ಅಂದ. ನಾವೂ ತಲೆಯಾಡಿಸಿದೆವು. ಊರಲ್ಲಿ ಜೇನು ಬಿಡಿಸುವವರು ಹೊಗೆ ಹಾಕುವುದನ್ನು ಎಲ್ಲರೂ ನೋಡಿದವರೇ ಅಲ್ವಾ. ಅವರು ಆ ಕೆಲಸ ರಾತ್ರಿ ಮಾಡುತ್ತಾರೆ ಅನ್ನೋದು ಒಬ್ಬನಿಗೂ ನೆನಪಾಗಲಿಲ್ಲ. ಹೆಜ್ಜೇನು ಪೊಟರೆಯಲ್ಲಿ ಇರುವ ಸಣ್ಣ ಜೇನಲ್ಲ. ಬಯಲಲ್ಲಿ ಒಂದೇ ದೊಡ್ಡ ಹುಟ್ಟು ಇಳಿಬಿಟ್ಟು, ಅದರ ಮೇಲೆ ಸಾವಿರಾರು ಹುಳ ತಾವೇ ಹೊದಿಕೆಯಾಗಿ ಕೂತಿರುತ್ತವೆ. ಕಾವಲಿಗೆ ಬೇರೆ ಗೋಡೆಯಿಲ್ಲ. ಹಗಲಲ್ಲಿ ಕೆಳಗಿನಿಂದ ಹೊಗೆ ಹೋದರೆ ಅವು ಓಡುವುದಿಲ್ಲ, ಇಳಿದು ಬರುತ್ತವೆ.

ಮೊದಲ ತೆನೆ ಸುಟ್ಟಿತ್ತು. ಸಾವ್ಕಾರ ಅದನ್ನು ಅಂಗೈಯಲ್ಲಿ ತಿಕ್ಕಿ, ಉಫ್ ಅಂತ ಸಿಪ್ಪೆ ಊದಿ, ಹಸಿರು ಕಾಳು ನನ್ನ ಕೈಗೆ ಸುರಿದ. ಬಿಸಿ ಇತ್ತು. ಬಾಯಿಗೆ ಹಾಕಿಕೊಳ್ಳಲಿಲ್ಲ. ಹುಬ್ಬಿನ ಮೇಲೆ ಒಂದು ಕಚ್ಚಿತು, ಹೊಡೆದೆ. ಅದೇ ಕ್ಷಣ ಮಾಗಿದ ಬಾಳೆಹಣ್ಣಿನ ಥರ ಒಂದು ವಾಸನೆ ಬಂತು. ಆಗ ಅರ್ಥವಾಗಲಿಲ್ಲ. ಒಂದು ಹುಳ ಚುಚ್ಚಿದಾಗ ಬಿಡುವ ಆ ವಾಸನೆಯೇ ಉಳಿದವಕ್ಕೆ ಕರೆ ಅಂತ ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು. ಆಮೇಲೆ ಸದ್ದು. ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತರೆ ಬರುತ್ತಲ್ಲ, ಅಂಥದ್ದು, ತಲೆಯ ಮೇಲೆಯೇ.

ಓಡಿದೆವು. ಓಡಿದ್ದು ಸರಿ, ಕೈ ಬೀಸಿದ್ದು ತಪ್ಪು. ಬೀಸಿದಷ್ಟೂ ಹತ್ತಿದವು. ಕೂದಲೊಳಗೆ ಸಿಕ್ಕ ಹುಳ ಹೊರಗೆ ಬರಲಾಗದೆ ಅಲ್ಲೇ ಗುಂಯ್‌ಗುಡುತ್ತ ಚುಚ್ಚುತ್ತದೆ. ನನ್ನ ಕಿವಿಯೊಳಗೆ ಒಂದು ಹೊಕ್ಕಿತ್ತು, ಆ ಸದ್ದು ಈಗಲೂ ಕೆಲವು ರಾತ್ರಿ ಬರುತ್ತದೆ. ಬೆಂಕಿ ಹುಲ್ಲಿಗೆ ಹತ್ತೀತು ಅಂತ ಸಾವ್ಕಾರ ಅಲ್ಲೇ ನಿಂತು ಮಣ್ಣು ಹಾಕಿ ಆರಿಸಿದ. ಒಳ್ಳೆಯ ಕೆಲಸವೇ. ಆದರೆ ಅವನಿಗೇ ಎಲ್ಲರಿಗಿಂತ ಜಾಸ್ತಿ ಬಿತ್ತು. ಮಾಮಾ ಜಾರಿ ಬಿದ್ದು ಹಿಮ್ಮಡ ಹೊರಳಿಸಿಕೊಂಡ.

ಖಿಂಡದ ರಸ್ತೆಯಲ್ಲಿ ಮಜ್ಜಿಗೆ, ನಿಂಬೆ ಶರಬತ್ತು ಮಾರುವ ಒಬ್ಬ ಮಾವಶಿ ಇದ್ದರು. ನಮ್ಮನ್ನು ನೋಡಿದ್ದೇ 'ಹಾತ್ ಹಲವೂ ನಕಾ' ಅಂತ ಕಿರುಚಿದರು, ಕೈ ಆಡಿಸಬೇಡಿ ಅಂತ. ಅಂಗಡಿ ತಟ್ಟಿಯ ಹಿಂದೆ ಎಳೆದು ಕೂರಿಸಿ, ಮೇಲೆ ಗೋಧಡಿ ಹೊದಿಸಿದರು. ನಮ್ಮ ಕೌದಿಯೇ, ಹೊಲಿಗೆ ಕೂಡ ಅದೇ. ಆ ಕತ್ತಲಲ್ಲಿ ನಾಲ್ಕು ಜನ ಉಸಿರು ಬಿಗಿಹಿಡಿದು ಕೂತೆವು. ಹೊರಗೆ ಅವರು 'ಆಗ್ಯಾ ಮೋಹೋಳ, ಆಗ್ಯಾ ಮೋಹೋಳ' ಅಂತ ಬರುವವರನ್ನೆಲ್ಲ ತಡೆಯುತ್ತಿದ್ದರು. ಮರಾಠಿಯಲ್ಲಿ ಹೆಜ್ಜೇನಿಗೆ ಅದೇ ಹೆಸರು.

ಗೋಧಡಿ ತೆಗೆದಾಗ ಮಾಸ್ತರನ ತುಟಿ ದಪ್ಪಗಾಗಿತ್ತು. ಮಾತು ತೊದಲುತ್ತಿತ್ತು, 'ಗಂಟಲು ಬಿಗೀತಿದೆ' ಅಂದ. ವಾಂತಿ ಮಾಡಿಕೊಂಡು ಹಾಗೇ ಒರಗಿದ. ಅವನಿಗೆ ಬಿದ್ದದ್ದು ಹತ್ತೋ ಹನ್ನೆರಡೋ ಅಷ್ಟೇ. ಸಾವ್ಕಾರನಿಗೆ ಅರವತ್ತರ ಮೇಲೆ ಬಿದ್ದಿದ್ದವು, ಆದರೂ ಅವನು ಎದ್ದು ಕೂತಿದ್ದ. ಎಷ್ಟು ಕಚ್ಚಿತು ಅನ್ನೋದೊಂದೇ ಲೆಕ್ಕವಲ್ಲ. ಕೆಲವರಿಗೆ ಒಂದೇ ಸಾಕಾಗುತ್ತದೆ. ಮುಖ, ತುಟಿ ಊದಿ, ಉಸಿರು ಸಿಕ್ಕಿಕೊಂಡು, ತಲೆ ತಿರುಗಿದರೆ ಅದು ಅಲರ್ಜಿ. ಸುಣ್ಣ, ಈರುಳ್ಳಿ ತಿಕ್ಕುತ್ತ ಕೂರುವ ಹೊತ್ತಲ್ಲ. ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಬೀಳಬೇಕು.

ನನ್ನ ಫೋನಿಗೆ ರೇಂಜ್ ಇರಲಿಲ್ಲ. 108ಕ್ಕೆ ಮಾವಶಿಯ ಮಗ ಫೋನ್ ಹಚ್ಚಿದ. ಆಂಬುಲೆನ್ಸ್ ಬರುವ ತನಕ ಕಾಯದೆ, ಲೋಹಗಡವಾಡಿ ಕಡೆಯಿಂದ ಇಳಿಯುತ್ತಿದ್ದ ಪುಣ್ಯಾತ್ಮರೊಬ್ಬರ ಜೀಪಿನಲ್ಲಿ ಮಾಸ್ತರನನ್ನು ಮಲಗಿಸಿದೆವು. ಅರ್ಧ ದಾರಿಯಲ್ಲಿ ಆಂಬುಲೆನ್ಸ್ ಎದುರಾಯಿತು, ಅಲ್ಲೇ ಬದಲಾಯಿಸಿದೆವು. ಇಂಜೆಕ್ಷನ್ ಬಿದ್ದ ಮೇಲೆ ಮಾಸ್ತರ ಕಣ್ಣು ಬಿಟ್ಟು ಮೊದಲು ಕೇಳಿದ್ದು ಕನ್ನಡಕ ಎಲ್ಲಿ ಅಂತ.

ಆಸ್ಪತ್ರೆಯಲ್ಲಿ ಕಲಿತ ಇನ್ನೆರಡು ಮಾತು. ಮುಳ್ಳು ಚರ್ಮದಲ್ಲಿ ಉಳಿದರೆ ಅದಕ್ಕಂಟಿದ ವಿಷದ ಚೀಲ ಇನ್ನೂ ಸ್ವಲ್ಪ ಹೊತ್ತು ವಿಷ ಇಳಿಸುತ್ತಲೇ ಇರುತ್ತದೆ. ಚಿಮಟ ಬೇಕು, ಕಾರ್ಡ್ ಬೇಕು ಅಂತ ಹುಡುಕಬೇಡಿ, ಉಗುರಲ್ಲೇ ಕೆರೆದು ತೆಗೆಯಿರಿ. ಆದರೆ ಅದು ಹುಳಗಳಿಂದ ದೂರ ಬಂದ ಮೇಲೆ, ಅಲ್ಲೇ ನಿಂತು ಅಲ್ಲ. ಎರಡನೆಯದು, ಜಾಸ್ತಿ ಕಚ್ಚಿಸಿಕೊಂಡವರು 'ಆರಾಮಿದೀನಿ' ಅಂದರೂ ಮನೆಗೆ ಕಳಿಸಬೇಡಿ. ಸಾವ್ಕಾರ ಅಂದೇ ರಾತ್ರಿ ಬಸ್ಸಿಗೆ ಹೊರಟಿದ್ದ. ಡಾಕ್ಟರು ಬಿಡಲಿಲ್ಲ. ಬೆಳಗ್ಗೆ ಅವನ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ವಿಷ ಜಾಸ್ತಿಯಾದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಕುತ್ತು ಬರುತ್ತದಂತೆ. ಮೂರು ದಿನ ಸಲೈನ್ ಹಚ್ಚಿ ಇಟ್ಟುಕೊಂಡರು. ಬಿಲ್ಲಿನ ವಿಷಯ ಬರೆಯುವುದಿಲ್ಲ. ಹುರ್ಡಾ ಪಾರ್ಟಿಗೆ ದುಡ್ಡು ಕೊಡಲ್ಲ ಅಂದವನು ಅವನೇ ಅಂತ ಮಾತ್ರ ಹೇಳಿದರೆ ಸಾಕು.

ಹತ್ತಿರ ಕೆರೆ, ಹೊಂಡ ಕಂಡರೂ ಹಾರಬೇಡಿ. ತಲೆ ಎತ್ತುವ ತನಕ ಅವು ಮೇಲೆಯೇ ಸುತ್ತುತ್ತಿರುತ್ತವೆ. ಅಂಗಿ ಮೇಲೆಳೆದು ಮುಖ ಮುಚ್ಚಿಕೊಂಡು ಒಂದೇ ಕಡೆಗೆ ಓಡಿ. ಮನೆಯೋ ಗಾಡಿಯೋ ಸಿಕ್ಕರೆ ಒಳಗೆ ಹೋಗಿ ಬಾಗಿಲು ಹಾಕಿ. ನಾವು ಎರಡು ಕಡೆ ಚೆದುರಿದ್ದೆವು. ಅದರಿಂದ ಮಾಮಾ ಬಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ಮೂತ್ರಕ್ಕೆ ಹೋಗಿದ್ದ ಲಂಬೂನೇ ಅವನನ್ನು ಎಬ್ಬಿಸಿ ತಂದದ್ದು. ಹೆಜ್ಜೇನು ಅಂತ ಮೊದಲು ಹೇಳಿದವನೂ ಅವನೇ. ಅದನ್ನು ಈಗ ವಾರಕ್ಕೊಮ್ಮೆ ನೆನಪಿಸುತ್ತಾನೆ, ನೆನಪಿಸಲಿ.

ಮೂರು ವಾರ ಬಿಟ್ಟು ನಾನು, ಲಂಬೂ ಮತ್ತೆ ಹೋದೆವು, ಗೋಧಡಿ ವಾಪಸ್ ಕೊಡಲು. ಗಡಿಬಿಡಿಯಲ್ಲಿ ಅದು ಜೀಪಿನ ಜೊತೆಗೇ ಬಂದುಬಿಟ್ಟಿತ್ತು. ಮಾವಶಿ ದುಡ್ಡು ಮುಟ್ಟಲಿಲ್ಲ. ರಸ್ತೆಯಿಂದಲೇ ಬೆರಳು ತೋರಿಸಿ ಬಂಡೆಯ ಹುಟ್ಟುಗಳನ್ನು ಎಣಿಸಿದರು, ಏಳು. ದೂರದಿಂದ ಈಗಲೂ ನೀರಿನ ಕಲೆಯ ಹಾಗೇ ಕಾಣುತ್ತವೆ. ನೋಡುತ್ತಿದ್ದಂತೆ ಒಂದರ ಮೇಲೆ ಸಣ್ಣ ಅಲೆ ಎದ್ದು, ಮೇಲಿಂದ ಕೆಳಗೆ ಹರಿದು ಹೋಯಿತು. ಆಮೇಲೆ ಅವರು ಅಂಗಡಿಯೊಳಗಿಂದ ಸಾವ್ಕಾರನ ಹಿಂಡಿ ಡಬ್ಬಿ ತಂದು ಕೊಟ್ಟರು, ತೊಳೆದು ಒರೆಸಿ ಇಟ್ಟಿದ್ದರು. ಹಿಂಡಿ ಚಲೋ ಇತ್ತು ಅಂದರು.