ಯುಪಿಎಸ್ ಒಪ್ಪಿಸುವ ಮುನ್ನ ನಡೆಸಿದ ಪರೀಕ್ಷೆ

ಮಂಡ್ಯದ ನಮ್ಮ ರಕ್ತಪರೀಕ್ಷಾ ಲ್ಯಾಬಿಗೆ 12 ವೋಲ್ಟಿನ 16 ಬ್ಯಾಟರಿಗಳ ಹೊಸ ಯುಪಿಎಸ್ ಅಳವಡಿಸಿದವರು, ದೀಪ ಹೊತ್ತಿಸಿ ತೋರಿಸಿ ಹೊರಟುಹೋಗದೆ, ಎರಡು ದಿನ ಚಾರ್ಜ್ ಆಗಲು ಬಿಟ್ಟು ಮತ್ತೆ ಬಂದರು. ಪ್ರತಿ ಟರ್ಮಿನಲ್ಲಿನ ಬೋಲ್ಟನ್ನು ನಿಗದಿತ ಬಲದಷ್ಟೇ ಬಿಗಿಮಾಡುವ ಟಾರ್ಕ್ ಸ್ಪ್ಯಾನರ್‌ನಿಂದ ಬಿಗಿಮಾಡಿ ಅದರ ಮೇಲೆ ಕೆಂಪು ಪೇಂಟಿನ ಗೆರೆ ಎಳೆದರು. ಮುಂದೆ ಬೋಲ್ಟ್ ಸಡಿಲವಾದರೆ ಗೆರೆ ಸರಿದಿರುವುದು ಕಣ್ಣಿಗೇ ಕಾಣುತ್ತದೆ. ಬಳಿಕ ಮೇನ್ಸ್, ಅಂದರೆ ಹೊರಗಿನಿಂದ ಬರುವ ಕರೆಂಟ್, ತೆಗೆದು, ಪೂರ್ತಿ ಲೋಡ್ ಕೊಟ್ಟು, ಹತ್ತು ನಿಮಿಷಕ್ಕೊಮ್ಮೆ ಒಂದೊಂದು ಬ್ಯಾಟರಿಯ ವೋಲ್ಟೇಜನ್ನೂ ಬರೆದುಕೊಂಡರು. ಉಳಿದವು 11.6ರ ಆಸುಪಾಸಿನಲ್ಲಿದ್ದಾಗ ಒಂಬತ್ತನೆಯದು ಮಾತ್ರ 10.5ಕ್ಕೆ ಇಳಿದಿತ್ತು. ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿದ ಬ್ಯಾಟರಿಗಳಲ್ಲಿ ಒಂದು ಸೋತರೆ ಇಡೀ ಸಾಲೇ ಸೋಲುತ್ತದೆ. ಆ ಒಂಬತ್ತನೆಯ ಬ್ಯಾಟರಿಯನ್ನು ತಕರಾರಿಲ್ಲದೆ ಬದಲಿಸಿ, ಪರೀಕ್ಷೆಯನ್ನು ಮೊದಲಿನಿಂದ ನಡೆಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಜನರೇಟರ್‌ಗೆ ಬದಲಾಗುವ ಪರೀಕ್ಷೆಯನ್ನು ಮಾತ್ರ ನಾವು ಕೇಳಿದ ಮೇಲಷ್ಟೇ ಮಾಡಿದರು.